700 ಅಂದರೆ ಯಾವ 700?

ರಾಣೆಬೆನ್ನೂರಿನ ನೆತ್ತಿಯಿಂದ ಹೊರಟು ಬ್ಯಾಡಗಿ, ಹಾವೇರಿ ದಾಟಿ ಹುಬ್ಬಳ್ಳಿ ವಿಮಾನ ನಿಲ್ದಾಣ ಮುಟ್ಟಲು ಆಕಾಶದಲ್ಲಿ 57 ನಾಟಿಕಲ್ ಮೈಲಿ. ಬಸ್ಸಿಗೆ ಎರಡು ತಾಸಿಗೂ ಮಿಕ್ಕುವ ಈ ದಾರಿ ಏರ್‌ಬಸ್ ಎ320 ವಿಮಾನಕ್ಕೆ ಹತ್ತು ಹನ್ನೆರಡು ನಿಮಿಷದ್ದು. ಸಿಮ್ಯುಲೇಟರ್‌ನಲ್ಲಿ ಈ ದಾರಿಯ ಇಳಿತವನ್ನು ಬಿಡಿಸಿ ಹೇಳುವುದಾಗಿ ಈ ಅಂಕಣ ಕಳೆದ ವಾರ ಮಾತು ಕೊಟ್ಟಿತ್ತು. ಅಲ್ಲಿಂದಲೇ ಶುರು ಮಾಡೋಣ.

ಮೊದಲು ಬಾಯಿಲೆಕ್ಕ. ವಿಮಾನ 22,000 ಅಡಿಯಲ್ಲಿದೆ. ಹುಬ್ಬಳ್ಳಿಯ ನೆಲ ಸಮುದ್ರಮಟ್ಟದಿಂದ ಸುಮಾರು 2,200 ಅಡಿ. ಇಳಿಯಬೇಕಾದ್ದು ಹತ್ತಿರ ಹತ್ತಿರ 20,000 ಅಡಿ. ಸಾವಿರ ಅಡಿಗೆ ಮೂರು ಮೈಲಿಯಂತೆ 60 ಮೈಲಿ ಬೇಕು. ಅಂದರೆ ರಾಣೆಬೆನ್ನೂರು ಬರುವುದಕ್ಕೆ ಮೂರು ಮೈಲಿ ಮೊದಲೇ ಇಳಿಯಲು ತೊಡಗಬೇಕು. ಬ್ಯಾಡಗಿಯ ಮೇಲೆ ಬಂದಾಗ ಉಳಿದ ದಾರಿ 48 ಮೈಲಿ. ಎತ್ತರ 18,000 ಅಡಿಯ ಆಸುಪಾಸು ಇರಬೇಕು. ಹಾವೇರಿಯ ಮೇಲೆ ಉಳಿಯುವುದು 39 ಮೈಲಿ, ಎತ್ತರ 15,000. ಮೂರರ ಮಗ್ಗಿ ಬಂದವರಿಗೆ ಇಷ್ಟು ಸಾಕು. ಪರದೆಯ ಮೇಲೆ ಕಂಪ್ಯೂಟರ್ ತೋರಿಸುವ ಇಳಿತದ ಬಾಣದ ಗುರುತನ್ನು ಆಮೇಲೆ ನೋಡಬೇಕು. ಎರಡೂ ತಾಳೆಯಾದರೆ ಸರಿ. ಆಗದಿದ್ದರೆ ಯಾರೋ ಒಬ್ಬರು ತಪ್ಪಿದ್ದಾರೆ, ಅದು ಯಾರೆಂದು ಹುಡುಕಲು ಇನ್ನೂ ಸಮಯವಿರುತ್ತದೆ.

ಈಗ ಮೂರು ಊರುಗಳನ್ನು ಎಂಸಿಡಿಯುಗೆ, ಅಂದರೆ ವಿಮಾನದ ಕಂಪ್ಯೂಟರಿಗೆ ದಾರಿ ಬರೆದುಕೊಡುವ ಕೀಲಿಮಣೆಗೆ, ಕೊಡುವ ಕೆಲಸ. ಊರಿನ ಹೆಸರು ಬರೆದರೆ ಯಂತ್ರಕ್ಕೆ ತಿಳಿಯದು. ಅಕ್ಷಾಂಶ ರೇಖಾಂಶಗಳನ್ನೇ ಕೊಡಬೇಕು. ರಾಣೆಬೆನ್ನೂರು ಉತ್ತರಕ್ಕೆ 14 ಡಿಗ್ರಿ 37 ನಿಮಿಷ, ಪೂರ್ವಕ್ಕೆ 75 ಡಿಗ್ರಿ 38 ನಿಮಿಷ. ಏರ್‌ಬಸ್‌ನಲ್ಲಿ ಅದನ್ನು 1437.0ಎನ್/07538.0ಇ ಎಂದು ಒತ್ತಬೇಕು. ಒತ್ತಿದ ಕೂಡಲೇ ರಾಣೆಬೆನ್ನೂರು ಎಲ್‌ಎಲ್01 ಆಗುತ್ತದೆ, ಬ್ಯಾಡಗಿ ಎಲ್‌ಎಲ್02, ಹಾವೇರಿ ಎಲ್‌ಎಲ್03. ಹುಟ್ಟಿದೂರು ಇಷ್ಟು ಚಿಕ್ಕ ಹೆಸರಿನಲ್ಲಿ ಹಸಿರು ಅಕ್ಷರವಾಗಿ ಮೂಡುವುದನ್ನು ಮೊದಲ ಸಲ ನೋಡಿದವರು ಆ ಗಳಿಗೆಯನ್ನು ಮರೆಯುವುದಿಲ್ಲ.

ಆದರೆ ಇದೇ ಗಳಿಗೆಯಲ್ಲಿ ಎರಡು ತಪ್ಪು ಮಾಡಬಹುದು. ಅಂಕಿಗಳನ್ನು ಬರೆಯುವ ರೀತಿಯಲ್ಲೇ ತಪ್ಪಿದರೆ ಯಂತ್ರ ಒಪ್ಪುವುದಿಲ್ಲ. ಫಾರ್ಮ್ಯಾಟ್ ಎರರ್ ಎಂದು ಹೇಳಿ ಹಿಂದಕ್ಕೆ ಕೊಡುತ್ತದೆ. 1437ರ ಬದಲು 1537 ಎಂದು ಒತ್ತಿದರೆ ಮಾತ್ರ ಚಕಾರ ಎತ್ತದು. ಒಂದೇ ಅಂಕಿಯ ವ್ಯತ್ಯಾಸಕ್ಕೆ ರಾಣೆಬೆನ್ನೂರು 60 ಮೈಲಿ, ನಮ್ಮ ಲೆಕ್ಕದಲ್ಲಿ 111 ಕಿಲೋಮೀಟರ್, ಉತ್ತರಕ್ಕೆ ಸರಿದು ಗದಗ ಮತ್ತು ರೋಣದ ನಡುವೆ ಎಲ್ಲೋ ಹೊಲದಲ್ಲಿ ಹೋಗಿ ಕೂತಿರುತ್ತದೆ. ಯಂತ್ರ ನೋಡುವುದು ಬರೆದ ರೀತಿ ಸರಿಯಿದೆಯೇ ಎಂಬುದನ್ನಷ್ಟೇ. ಊರು ನಿಜಕ್ಕೂ ಅಲ್ಲಿದೆಯೇ ಎಂದು ನೋಡಬೇಕಾದವರು ಕುರ್ಚಿಯಲ್ಲಿ ಕೂತವರು. ನೋಡುವ ದಾರಿಯೂ ಸುಲಭ: ಎಫ್-ಪ್ಲಾನ್ ಪುಟದಲ್ಲಿ ರಾಣೆಬೆನ್ನೂರಿನಿಂದ ಬ್ಯಾಡಗಿಗೆ 9 ಮೈಲಿ ಇರಬೇಕು. 58 ಎಂದಿದ್ದರೆ ಕೈ ತಡೆಯಿರಿ.

ಇದು ಮನೆಯ ಮೇಜಿನ ಮುಂದಷ್ಟೇ ಆಗುವ ತಪ್ಪು ಎಂದು ತಿಳಿಯಬಾರದು. 1995ರ ಡಿಸೆಂಬರ್ 20ರ ರಾತ್ರಿ ಕೊಲಂಬಿಯಾದ ಕಾಲಿ ನಗರದತ್ತ ಇಳಿಯುತ್ತಿದ್ದ ಅಮೆರಿಕನ್ ಏರ್‌ಲೈನ್ಸ್ 965ರ ಪೈಲಟ್‌ಗಳಿಗೆ ಬೇಕಿದ್ದದ್ದು ರೋಜೋ ಎಂಬ ಬೀಕನ್. ಅವರು ಒತ್ತಿದ್ದು ‘ಆರ್’ ಎಂಬ ಒಂದೇ ಅಕ್ಷರ. ಕಂಪ್ಯೂಟರ್ ಆರಿಸಿಕೊಟ್ಟಿದ್ದು ಬೊಗೋಟಾ ಬಳಿಯ ರೋಮಿಯೋ. ಬೋಯಿಂಗ್ 757 ವಿಧೇಯವಾಗಿ ಎಡಕ್ಕೆ ತಿರುಗಿ ಬೆಟ್ಟಗಳ ಕಡೆ ನಡೆಯಿತು. ಅದರಲ್ಲಿದ್ದ 163 ಜನರಲ್ಲಿ ಬದುಕಿ ಉಳಿದವರು ನಾಲ್ವರು.

ಬರೆದ ಗುರುತು ಯಾವುದರದ್ದೆಂದು ಮೊದಲು ನೋಡಬೇಕೆಂಬುದನ್ನು ಬ್ಯಾಡಗಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೆಣಸಿನಕಾಯಿ ಮಾರುಕಟ್ಟೆಯಲ್ಲಿ 150 ಎಂಬ ಅಂಕಿಗೂ 15,000 ಎಂಬ ಅಂಕಿಗೂ ಬೆಲೆ ಒಂದೇ ಇರಬಹುದು, ಒಂದು ಕಿಲೋದ ದರ, ಇನ್ನೊಂದು ಕ್ವಿಂಟಲ್‌ನದು. ಲಾಟಿನ ಮುಂದೆ ನಿಂತ ಖರೀದಿದಾರ ಮೊದಲು ಕೇಳುವುದು ಡಬ್ಬಿ ತಳಿಯೋ ಕಡ್ಡಿ ತಳಿಯೋ ಎಂದು. ಆಮೇಲೆ ಕಾಯಿ ಮುರಿದು, ಮೂಸಿ, ಕೈಯಲ್ಲಿ ತೇವ ನೋಡಿ ಟೆಂಡರಿಗೆ ದರ ಬರೆಯುತ್ತಾನೆ. ಅಂಕಿಗೆ ಮೊದಲು ಅದು ಯಾವುದರ ಅಂಕಿ ಎಂದು ಗೊತ್ತಿರಬೇಕು. ಆಟೊಪೈಲಟ್ ಕಲಿಯುವವರು ಮೊಟ್ಟಮೊದಲು ರೂಢಿಸಿಕೊಳ್ಳಬೇಕಾದ ಅಭ್ಯಾಸವೂ ಇದೇ.

ಇಲ್ಲಿಂದ ಮುಂದೆ ವೇಗದ ಮಿತಿಗಳ ಕಡೆ ಹೋಗಬೇಕಿತ್ತು. ಆದರೆ ಹುಬ್ಬಳ್ಳಿಯಲ್ಲಿ ಇಳಿಯುವ ಕೊನೆಯ ಹಂತದ ಲೆಕ್ಕ ಹಾಕುವಾಗ ಬಂದ ಒಂದು ಸಂಖ್ಯೆ ಅಡ್ಡ ನಿಂತಿತು. ನೆಲದ ವೇಗವನ್ನು ಐದರಿಂದ ಗುಣಿಸಿದರೆ ಮೂರು ಡಿಗ್ರಿ ಇಳಿಜಾರಿಗೆ ಬೇಕಾದ ಇಳಿತದ ದರ ಸಿಗುತ್ತದೆ ಎಂಬುದು ಹಳೆಯ ಸೂತ್ರ. 140 ನಾಟ್ ಇದ್ದರೆ ನಿಮಿಷಕ್ಕೆ 700 ಅಡಿ. ಈ 700 ಕರ್ನಾಟಕದ ವಿಮಾನಯಾನದ ನೆನಪಿನಲ್ಲಿ ಸುಮ್ಮನೆ ಹಾದುಹೋಗುವ ಸಂಖ್ಯೆಯಲ್ಲ.

1990ರ ಫೆಬ್ರುವರಿ 14, ಮಧ್ಯಾಹ್ನ ಒಂದು ಗಂಟೆಯ ಹೊತ್ತು. ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ 605 ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ರನ್‌ವೇ 09ಕ್ಕೆ ಇಳಿಯುತ್ತಿತ್ತು. ಆಕಾಶ ತಿಳಿಯಾಗಿತ್ತು, ರನ್‌ವೇ ಕಣ್ಣೆದುರೇ ಇತ್ತು. ವಿಮಾನ ಹೊಚ್ಚ ಹೊಸ ಎ320, ವಿಟಿ-ಇಪಿಎನ್. ಆ ಮಾದರಿ ಜಗತ್ತಿನಲ್ಲಿ ಸೇವೆಗೆ ಬಂದು ಎರಡು ವರ್ಷವೂ ತುಂಬಿರಲಿಲ್ಲ. ವಿಮಾನ ರನ್‌ವೇ ಮುಟ್ಟಲಿಲ್ಲ. ಮೊದಲೇ ಗಾಲ್ಫ್ ಮೈದಾನಕ್ಕೆ ಬಡಿದು, ದಂಡೆಗೆ ಅಪ್ಪಳಿಸಿ ಹೊತ್ತಿಕೊಂಡಿತು. 146 ಜನರಲ್ಲಿ 92 ಜನ ತೀರಿಕೊಂಡರು.

ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರು ನಡೆಸಿದ ವಿಚಾರಣೆ ಕಂಡುಕೊಂಡ ಸಂಗತಿಯನ್ನು ಸಿಮ್ಯುಲೇಟರ್ ಕಲಿಯುವ ಪ್ರತಿಯೊಬ್ಬರೂ ತಿಳಿದಿರಬೇಕು. ಕೊನೆಯ ಹಂತದಲ್ಲಿ ವಿಮಾನ ಐಡಲ್ ಓಪನ್ ಡಿಸೆಂಟ್ ಮೋಡ್‌ನಲ್ಲಿತ್ತು. ಆ ಮೋಡ್‌ನಲ್ಲಿ ಎಂಜಿನ್‌ಗಳು ಐಡಲ್‌ನಲ್ಲೇ, ಅಂದರೆ ಅತಿ ಕಡಿಮೆ ಬಲದಲ್ಲೇ, ನಿಲ್ಲುತ್ತವೆ. ವೇಗ ಕಾಯುವ ಕೆಲಸ ಮೂತಿಯದು. ಮೂತಿ ತಗ್ಗಿಸಿದರೆ ವೇಗ ಉಳಿಯುತ್ತದೆ. ರನ್‌ವೇ ತಲುಪಲೆಂದು ಮೂತಿ ಎತ್ತಿದರೆ ವೇಗ ಕರಗುತ್ತದೆ, ಏಕೆಂದರೆ ಎಂಜಿನ್‌ಗಳಿಗೆ ಸಹಾಯಕ್ಕೆ ಬನ್ನಿ ಎಂದು ಯಾರೂ ಹೇಳಿರುವುದಿಲ್ಲ. ಮೂತಿಯನ್ನು ಎಲ್ಲಿಡಬೇಕೆಂದು ಪೈಲಟ್‌ಗಳಿಗೆ ತೋರಿಸುವ ಎರಡೂ ಫ್ಲೈಟ್ ಡೈರೆಕ್ಟರ್‌ಗಳನ್ನು ಆರಿಸಿದ್ದರೆ, ಎಂಜಿನ್ ಬಲವನ್ನು ತಾನೇ ನಿಭಾಯಿಸುವ ಆಟೊಥ್ರಸ್ಟ್ ವೇಗ ಕಾಯುವ ಮೋಡ್‌ಗೆ ಬರುತ್ತಿತ್ತು. ಒಂದು ಆರಿತು, ಇನ್ನೊಂದು ಉಳಿಯಿತು. ವೇಗ ಇರಬೇಕಾದ್ದಕ್ಕಿಂತ ಸುಮಾರು 25 ನಾಟ್ ಕೆಳಗಿಳಿಯಿತು. ನಾನೂರು, ಮುನ್ನೂರು, ಇನ್ನೂರು ಎಂದು ಯಂತ್ರ ಎತ್ತರ ಕೂಗುತ್ತಿದ್ದರೂ ಥ್ರಾಟಲ್ ಮುಂದೆ ತಳ್ಳಲು ತಡವಾಯಿತು ಎಂಬುದೇ ವರದಿ ಕೊಟ್ಟ ಕಾರಣ.

ಅಷ್ಟು ಕೆಳಗೆ ಬಂದ ಮೇಲೆ ಆ ಮೋಡ್ ಬಂದದ್ದು ಹೇಗೆ? ಅದನ್ನು ಖಚಿತವಾಗಿ ಗುರುತಿಸಲಾಗದು ಎಂದು ವರದಿಯೇ ಒಪ್ಪಿಕೊಂಡಿದೆ. ಒಂದು ಬಲವಾದ ಊಹೆ ಮಾತ್ರ ಇದೆ. ಕೇಳಿದ್ದು ನಿಮಿಷಕ್ಕೆ 700 ಅಡಿ ಇಳಿತದ ದರ. ಕೈ ಹೋದದ್ದು ಪಕ್ಕದ ಎತ್ತರದ ನಾಬ್‌ಗೆ ಇರಬಹುದು. 700 ಬಿದ್ದದ್ದು ಅಲ್ಲಿ. ಬೆಂಗಳೂರಿನ ಆ ರನ್‌ವೇ ಸಮುದ್ರಮಟ್ಟದಿಂದ ಸುಮಾರು 2,900 ಅಡಿ. 700 ಅಡಿ ಎತ್ತರವೆಂದರೆ ಅಲ್ಲಿಯ ನೆಲದಿಂದ 2,000 ಅಡಿಗೂ ಆಳ. ಸಂಖ್ಯೆ ಸರಿಯಾಗಿತ್ತು, ಮನೆ ತಪ್ಪಿತ್ತು.

ಎರಡು ವರ್ಷ ತುಂಬುವ ಮೊದಲೇ, 1992ರ ಜನವರಿ 20ರಂದು, ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಬಳಿ ಇನ್ನೊಂದು ಎ320 ಬೆಟ್ಟಕ್ಕೆ ಬಡಿಯಿತು. ಏರ್ ಇಂಟರ್ 148. ಸತ್ತವರು 87 ಜನ. ಅಲ್ಲಿಯೂ ಹೆಚ್ಚು ಸಂಭವವೆಂದು ಕಂಡುಬಂದದ್ದು ಇದೇ ಜಾತಿಯ ತಪ್ಪು. ಬೇಕಿದ್ದದ್ದು 3.3 ಡಿಗ್ರಿಯ ಇಳಿಜಾರು. ಯಂತ್ರ ಇದ್ದದ್ದು ಇಳಿತದ ದರದ ಮೋಡ್‌ನಲ್ಲಿ. ಅಂಕಿ ತೋರಿಸುವ ಪುಟ್ಟ ಕಿಟಕಿಯಲ್ಲಿ 33 ಎಂದರೆ ನಿಮಿಷಕ್ಕೆ 3,300 ಅಡಿ, ಅಂದರೆ ಬೇಕಿದ್ದಕ್ಕಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು. ಆಮೇಲೆ ಏರ್‌ಬಸ್ ಆ ಕಿಟಕಿಯನ್ನೇ ಬದಲಿಸಿ ದರವನ್ನು ನಾಲ್ಕು ಅಂಕಿಯಲ್ಲಿ ತೋರಿಸತೊಡಗಿತು. ಇಂದು ಸಿಮ್ಯುಲೇಟರ್‌ನಲ್ಲಿ ಫ್ಲೈಬೈವೈರ್ ತಂಡದ ಉಚಿತ ಎ320 ಹಾರಿಸುವವರು ಎಫ್‌ಸಿಯು ಎಂಬ ಮುಂದಿನ ಪ್ಯಾನೆಲ್ ಮೇಲೆ ನೋಡುವ ಆ ನಾಲ್ಕು ಅಂಕಿಗಳ ಹಿಂದೆ 87 ಜನರ ಸಾವಿದೆ.

ಹೀಗಿರುವಾಗ ಗುಂಡಿ ಒತ್ತುವ ಪಂಥದವರ ಜೊತೆಗಿನ ಹಳೆಯ ತಕರಾರನ್ನು ಇವತ್ತು ತೀರಿಸಿಕೊಳ್ಳದೆ ಗತಿಯಿಲ್ಲ. ಈ ಪಂಥದ ಪಾಠಗಳು ಬ್ಯಾಟರಿ ಒಂದು, ಬ್ಯಾಟರಿ ಎರಡು ಎಂದು ಶುರುವಾಗುತ್ತವೆ. ಕತ್ತಲೆಯಲ್ಲಿ ನಿಂತ ವಿಮಾನವನ್ನು ಎಬ್ಬಿಸುವುದಕ್ಕೇ ನಲವತ್ತು ನಿಮಿಷ. ಇದನ್ನು ಒತ್ತಿ, ಅದನ್ನು ತಿರುಗಿಸಿ, ಈಗ ಎಪಿ1. ಕಲಿತವರು ಆ ನಲವತ್ತು ನಿಮಿಷವನ್ನು ಮಂತ್ರದಂತೆ ಒಪ್ಪಿಸುತ್ತಾರೆ. ಎಂಜಿನ್ ಎಬ್ಬಿಸುವುದು ಕೆಟ್ಟ ವಿದ್ಯೆಯೇನಲ್ಲ. ಆದರೆ ಪರದೆಯ ಮೇಲ್ತುದಿಯಲ್ಲಿ ಮೋಡ್‌ಗಳನ್ನು ತೋರಿಸುವ ಎಫ್‌ಎಂಎಯ ಮೊದಲ ಕಾಲಂನಲ್ಲಿ ಈಗ ಏನು ಬರೆದಿದೆ ಎಂದು ಕೇಳಿದರೆ ಅವರು ತಡವರಿಸುತ್ತಾರೆ. ಆ ಐದು ಕಾಲಂಗಳಲ್ಲಿ ಥ್ರಸ್ಟ್ ಏನು ಮಾಡುತ್ತಿದೆ, ಎತ್ತರವನ್ನು ಯಾರು ಕಾಯುತ್ತಿದ್ದಾರೆ, ದಿಕ್ಕನ್ನು ಯಾರು ಹಿಡಿದಿದ್ದಾರೆ ಎಂಬುದು ಇದೆ. ನಾಬ್ ಒತ್ತುವುದು ಬೇಡಿಕೆ ಮಾತ್ರ. ಯಂತ್ರ ಒಪ್ಪಿಕೊಂಡದ್ದೇನು ಎಂಬುದು ಅಲ್ಲಿ ಕಾಣುತ್ತದೆ. ಬೇಡಿಕೆಯನ್ನಷ್ಟೇ ಕಲಿಸಿ ಉತ್ತರ ಓದಲು ಕಲಿಸದ ಪಾಠ ಅರ್ಧ ಪಾಠ.

ಇನ್ನೊಂದು ತುದಿಯಲ್ಲಿ ಕೈಯಲ್ಲೇ ಹಾರಿಸಬೇಕೆಂಬ ಪಂಥ. ಆಟೊಪೈಲಟ್ ಹಾಕಿದರೆ ಅದು ಹಾರಾಟವೇ ಅಲ್ಲ ಎಂಬ ಅವರ ಮಾತನ್ನೂ ಒಪ್ಪುವಂತಿಲ್ಲ. ಲಾರೆನ್ಸ್ ಸ್ಪೆರಿ ಪ್ಯಾರಿಸ್‌ನಲ್ಲಿ ಜನರ ಮುಂದೆ ಕೈ ಮೇಲೆತ್ತಿ, ಗೈರೊಸ್ಕೋಪಿನ ಬಲದಲ್ಲೇ ವಿಮಾನವನ್ನು ಸಮತಟ್ಟಾಗಿ ಹಾರಿಸಿ ತೋರಿಸಿದ್ದು 1914ರಲ್ಲಿ. ರೈಟ್ ಸಹೋದರರ ಮೊದಲ ಹಾರಾಟಕ್ಕೆ ಆಗ ಹನ್ನೊಂದೇ ವರ್ಷ. ಇಂದು 29,000ದಿಂದ 41,000 ಅಡಿಯ ನಡುವೆ ಒಂದರ ಮೇಲೊಂದು ಸಾವಿರ ಅಡಿ ಅಂತರದಲ್ಲಿ ಸಾಗುವ ವಿಮಾನಗಳಿಗೆ ಎತ್ತರವನ್ನು ತಾನೇ ಹಿಡಿದಿಡುವ ವ್ಯವಸ್ಥೆ ಕಡ್ಡಾಯ. ಈ ವಿದ್ಯೆ ವೃತ್ತಿಯ ಒಳಗಿನದೇ.

ಈ ಎರಡು ಪಂಥಗಳ ಜಗಳವನ್ನು ಚೆನ್ನಾಗಿ ಬಗೆಹರಿಸಿದವರು ಅಮೆರಿಕನ್ ಏರ್‌ಲೈನ್ಸ್‌ನ ತರಬೇತುದಾರ ಕ್ಯಾಪ್ಟನ್ ವಾರನ್ ವ್ಯಾಂಡರ್‌ಬರ್ಗ್. 1997ರಲ್ಲಿ ಅವರು ತಮ್ಮ ಪೈಲಟ್‌ಗಳಿಗೆ ಕೊಟ್ಟ ಉಪನ್ಯಾಸ ‘ಮಜೆಂಟಾದ ಮಕ್ಕಳು’ ಎಂಬ ಹೆಸರಿನಿಂದ ಇಂದಿಗೂ ನೋಡಲು ಸಿಗುತ್ತದೆ. ಪರದೆಯ ಮೇಲೆ ಕಂಪ್ಯೂಟರ್ ಎಳೆದ ಮಜೆಂಟಾ ಬಣ್ಣದ ಗೆರೆಯನ್ನೇ ನಂಬಿ ನಡೆಯುವವರು ಆ ಮಕ್ಕಳು. ವ್ಯಾಂಡರ್‌ಬರ್ಗ್ ಅವರ ವಾದದ ಸಾರ ಹೀಗೆ. ಸ್ವಯಂಚಾಲನೆಗೆ ಮೂರು ಮೆಟ್ಟಿಲು. ಎಲ್ಲಕ್ಕಿಂತ ಕೆಳಗೆ ಕೈ ಹಾರಾಟ. ನಡುವೆ, ದಿಕ್ಕು, ಎತ್ತರ, ವೇಗಗಳನ್ನು ಮುಂದಿನ ಪ್ಯಾನೆಲ್‌ನ ನಾಬ್‌ಗಳಿಂದ ಕೊಡುವ ಹಂತ. ಮೇಲೆ, ಇಡೀ ದಾರಿಯನ್ನು ಕಂಪ್ಯೂಟರಿಗೆ ಬರೆದುಕೊಡುವ ಹಂತ. ಯಾವ ಮೆಟ್ಟಿಲೂ ಶ್ರೇಷ್ಠವಲ್ಲ. ಕೆಲಸಕ್ಕೆ ಹೊಂದುವುದನ್ನು ಆರಿಸಬೇಕು. ದಾರಿ ದಿಢೀರನೆ ಬದಲಾಗಿ ಕೆಲಸ ಹೆಚ್ಚಾದಾಗ ಪೈಲಟ್‌ಗಳು ತಲೆ ಬಗ್ಗಿಸಿ ಕೀಲಿಗಳನ್ನು ಒತ್ತತೊಡಗುತ್ತಾರೆ, ಇಬ್ಬರ ಕಣ್ಣೂ ಹೊರಗಿನಿಂದ ಒಳಗೆ ಹೋಗುತ್ತದೆ. ಅಂಥ ಹೊತ್ತಿನಲ್ಲಿ ಒಂದು ಮೆಟ್ಟಿಲು ಕೆಳಗಿಳಿಯಬೇಕು, ಅದೂ ಅರ್ಥವಾಗದಿದ್ದರೆ ಆಟೊಪೈಲಟ್, ಆಟೊಥ್ರಾಟಲ್ ಎರಡನ್ನೂ ಬಿಡಿಸಿ ಕೈಯಲ್ಲಿ ಹಾರಿಸಬೇಕು. ಮೂರೂ ಮೆಟ್ಟಿಲು ಬಂದವರಿಗಷ್ಟೇ ಹತ್ತಿ ಇಳಿಯಲು ಸಾಧ್ಯ ಎಂಬುದು ಅವರ ಆಗ್ರಹ. ಈ ಅಂಕಣದ ಓದುಗರು ಆ ಉಪನ್ಯಾಸವನ್ನು ವರ್ಷಕ್ಕೊಮ್ಮೆಯಾದರೂ ನೋಡಬೇಕು.

ಈ ವಾರದ ಅಭ್ಯಾಸ ಹೀಗಿರಲಿ. ಹುಬ್ಬಳ್ಳಿಯ ಹೊರಗೆ, ನೆಲದಿಂದ 3,000 ಅಡಿ ಮೇಲೆ, ಚಕ್ರ ಮತ್ತು ಫ್ಲ್ಯಾಪ್ ಇಳಿಸಿ, ಇಳಿತದ ದರದ ವಿ/ಎಸ್ ನಾಬ್ ಎಳೆದು ಮೈನಸ್ 700 ಕೊಡಿ. ಎಫ್‌ಎಂಎಯನ್ನು ಬಾಯಿಬಿಟ್ಟು ಓದಿ: ಸ್ಪೀಡ್, ವಿ/ಎಸ್. ಎಂಜಿನ್‌ಗಳು ವೇಗ ಕಾಯುವುದನ್ನು ಎಂಜಿನ್ ತಿರುಗುವ ವೇಗ ತೋರಿಸುವ ಎನ್1 ಮುಳ್ಳಿನಲ್ಲಿ ನೋಡಿ. ಮತ್ತೆ ಮೇಲೇರಿ, ಈ ಸಲ ಎತ್ತರದ ನಾಬ್‌ನಲ್ಲಿ ಕೆಳಗಿನ ಎತ್ತರ ಕೊಟ್ಟು ಎಳೆಯಿರಿ. ಓದಿ: ಥ್ರಸ್ಟ್ ಐಡಲ್, ಓಪನ್ ಡಿಸೆಂಟ್. ಫ್ಲೈಟ್ ಡೈರೆಕ್ಟರ್ ಹಾಗೇ ಇರಲಿ. ಆಟೊಪೈಲಟ್ ಬಿಡಿಸಿ, ಡೈರೆಕ್ಟರ್ ಹೇಳುವುದನ್ನು ಕೇಳದೆ ಮೂತಿಯನ್ನು ರನ್‌ವೇಯ ಇಳಿಜಾರಿಗೆ ಎತ್ತಿ ಹಿಡಿಯಿರಿ. ವೇಗದ ಪಟ್ಟಿ ಕೆಳಗೆ ಜಾರುವುದನ್ನು ನೋಡಿ. 20 ನಾಟ್ ಕಳೆದಾಗ ಎತ್ತರ ಗುರುತು ಹಾಕಿಕೊಂಡು ಥ್ರಸ್ಟ್ ಲಿವರ್‌ಗಳನ್ನು ಪೂರ್ತಿ ಮುಂದೆ ತಳ್ಳಿ. ಎಂಜಿನ್ ಮೈ ತುಂಬಿಕೊಳ್ಳಲು ಕೆಲವು ಸೆಕೆಂಡುಗಳು ಬೇಕು. ಅಷ್ಟರಲ್ಲಿ ಎಷ್ಟು ಅಡಿ ಕಳೆದಿರಿ ಎಂದು ನೋಟ್‌ಬುಕ್ಕಿನಲ್ಲಿ ಬರೆದು, ಅದರ ಪಕ್ಕದಲ್ಲಿ 1990ರ ಆ ಮಧ್ಯಾಹ್ನ ಯಂತ್ರ ಕೂಗಿದ ಎತ್ತರಗಳನ್ನು ಬರೆಯಿರಿ: ನಾನೂರು, ಮುನ್ನೂರು, ಇನ್ನೂರು.

ಹಾವೇರಿಯ ಮೇಲಿನ ವೇಗದ ಮಿತಿಗಳು ಮುಂದಿನ ವಾರ.