ಸುಳ್ಳು ಹದ

ಸೋಪು ಒಣಗಿಸುವ ಕಪಾಟಿನ ಬಗ್ಗೆ ಈ ವಾರ ಬರೆಯುತ್ತೇನೆ ಅಂದಿದ್ದೆ. ಕಪಾಟು ಎಲ್ಲಿಗೂ ಓಡಿಹೋಗುವುದಿಲ್ಲ. ನಾಳೆ ಬೆಳಿಗ್ಗೆ ಅಂಕಣ ಕಳಿಸಬೇಕು, ಅಡುಗೆಮನೆಯ ಕಟ್ಟೆಯ ಮೇಲೆ ಆಡಿನ ಹಾಲಿನ ಸೋಪು ಕೆಟ್ಟು ಕೂತಿದೆ. ಬರೆದರೆ ಅದನ್ನೇ ಬರೆಯಬೇಕು.

ಲೆಕ್ಕ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹಳೆಯ ಓದುಗರು ಬಿಡುವುದಿಲ್ಲ. ತಿಪಟೂರಿನ ಕೊಬ್ಬರಿ ಎಣ್ಣೆ 500 ಗ್ರಾಂ, ಕಡಲೆಕಾಯಿ ಎಣ್ಣೆ 400, ಹರಳೆಣ್ಣೆ 100. ಕಾಸ್ಟಿಕ್ ಸೋಡಾ 151 ಗ್ರಾಂ, ಅಂದರೆ ನೂರಕ್ಕೆ ಐದರಷ್ಟು ಎಣ್ಣೆ ಸೋಪಾಗದೆ ಉಳಿಯುವ ಹಾಗೆ. ಆಡಿನ ಹಾಲು 300 ಗ್ರಾಂ. ನೀರು ಒಂದು ಹನಿಯೂ ಇಲ್ಲ.

ಇಲ್ಲೇ ನಿಮಗೆ ಅನುಮಾನ ಬಂದಿರಬೇಕು. ನಾನು ಅರ್ಧ ನೀರಿನ ಪಂಥದವನು. ಸೋಡಾವನ್ನು ಅದರಷ್ಟೇ ತೂಕದ ನೀರಿನಲ್ಲಿ ಕರಗಿಸಿ, ಹಾಲನ್ನು ಎಣ್ಣೆಗೆ ಬೆರೆಸಿ ಎಂದು ಹೇಳಿ ಹೇಳಿ ನನಗೇ ಬೇಸರವಾಗಿದೆ. ಪೂರ್ತಿ ಹಾಲಿನವರಿಗೆ ಇದು ಕಲಬೆರಕೆ. ಹಾಲನ್ನು ಫ್ರೀಜರಿನಲ್ಲಿ ಗಡ್ಡೆ ಕಟ್ಟಿಸಿ, ಅದರ ಮೇಲೆ ಸೋಡಾವನ್ನು ಚಮಚ ಚಮಚವಾಗಿ ಉದುರಿಸುತ್ತಾ ಕೂರುವುದು ಅವರ ವ್ರತ. ಅವರಲ್ಲೊಬ್ಬರು ಮದುವೆಮನೆಯ ಪಂಕ್ತಿಯಲ್ಲಿ, ಸರಿಯಾಗಿ ಹೋಳಿಗೆ ಬರುವ ಹೊತ್ತಿಗೆ, "ನಿಮ್ಮದು ಹಾಲಿಗೆ ಬರೀ ತೋರಿಸಿ ತಂದ ಸೋಪು" ಅಂದರು. ಹೋಳಿಗೆ ರುಚಿಸಲಿಲ್ಲ. ಚಳಿ ಕಳೆಯುವವರೆಗೂ ಕಾಯದೆ ನಾನೂ ಹಾಲನ್ನು ಫ್ರೀಜರಿಗೆ ಇಟ್ಟೆ.

ಹಾಲೇನೋ ಸುಡಲಿಲ್ಲ. ಕೆನೆಬಣ್ಣಕ್ಕೂ ತಿರುಗದೆ ಬಿಳಿಯಾಗಿಯೇ ಉಳಿಯಿತು. ಅದನ್ನು ಎಣ್ಣೆಗೆ ಸುರಿದು ಬ್ಲೆಂಡರ್ ಆಡಿಸಿದೆ. ಎರಡೇ ನಿಮಿಷಕ್ಕೆ ದೋಸೆಹಿಟ್ಟಿನ ಹದ, ಮೇಲೆ ಎಳೆದ ಗೆರೆ ಹಾಗೇ ನಿಂತಿತು. ಇಷ್ಟು ಬೇಗ ಹದ ಬಂದರೆ ಅನುಮಾನಿಸಬೇಕು. ನಾನು ಖುಷಿಪಟ್ಟು ಅಚ್ಚಿಗೆ ಸುರಿದೆ. ಬೆಳಿಗ್ಗೆ ನೋಡಿದರೆ ಮೇಲೆ ಸುಣ್ಣದ ಗಾರೆಯಂಥ ಹೊಪ್ಪಳೆ, ಚಾಕು ಇಳಿಸಿದರೆ ಕೆಳಗೆ ಹಳದಿ ಎಣ್ಣೆಯ ಮಡು. ಒದ್ದೆ ಬೆರಳಿಗೆ ಸವರಿಕೊಂಡು ನಾಲಿಗೆಗೆ ಮುಟ್ಟಿಸಿದೆ. ಟಾರ್ಚಿನ ಸೆಲ್ಲು ನೆಕ್ಕಿದಂತೆ ಚುರ್ ಅಂದಿತು.

ಇಂಥದ್ದು ಕಂಡ ಕೂಡಲೇ ಎಲ್ಲರೂ ಕೊಡುವ ತೀರ್ಪು ಒಂದೇ: ಹಾಲು ಒಡೆದಿದೆ. ನಾನು ಅರ್ಧ ಗಂಟೆ ಸೋಡಾ ಮಾರಿದವನನ್ನು ಬೈದೆ. ಹಳೆಯ ಸೋಡಾ ಗಾಳಿಯ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರಿ ಬಲ ಕಳೆದುಕೊಳ್ಳುವುದು ನಿಜ. ಆದರೆ ಬಲ ಕಳೆದುಕೊಂಡ ಸೋಡಾ ಸೋಪನ್ನು ಮೆತ್ತಗೆ, ಜಿಡ್ಡುಜಿಡ್ಡಾಗಿ ಮಾಡುತ್ತದೆಯೇ ಹೊರತು ನಾಲಿಗೆ ಸುಡುವುದಿಲ್ಲ. ತೂಕದ ಚೀಟಿ ತೆಗೆದು ನೋಡಿದೆ, ಸರಿಯಿತ್ತು. ಆಮೇಲೆ ಗೋಡೆಯ ಉಷ್ಣಮಾಪಕ ಕಣ್ಣಿಗೆ ಬಿತ್ತು: 18 ಡಿಗ್ರಿ.

ಕೊಬ್ಬರಿ ಎಣ್ಣೆ 24ರ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ. ಹಾಲಿಗೆ ಹೆದರಿ ಎಣ್ಣೆಯನ್ನು ಅರೆಬೆಚ್ಚಗೆ ಇಟ್ಟಿದ್ದೆ, ಅದಕ್ಕೆ ಮಂಜಿನಂಥ ಹಾಲು ಬಿತ್ತು. ಬ್ಲೆಂಡರಿನ ಕೆಳಗೆ ದಪ್ಪಗಾದದ್ದು ಸೋಪಲ್ಲ, ಚಳಿಗೆ ತುಪ್ಪ ಕಟ್ಟುವ ಹಾಗೆ ಕಟ್ಟಿದ ಎಣ್ಣೆ. ನಿಜವಾದ ಹದದಲ್ಲಿ ಆಗಲೇ ಹುಟ್ಟಿದ ಸೋಪು ಎಣ್ಣೆಯನ್ನೂ ಕ್ಷಾರವನ್ನೂ ಕೈಹಿಡಿದು ನಿಲ್ಲಿಸುತ್ತದೆ. ಸುಳ್ಳು ಹದಕ್ಕೆ ಆ ಕೈ ಇಲ್ಲ. ರಾತ್ರಿ ಅಚ್ಚಿನೊಳಗೆ ತುಸು ಬಿಸಿ ಹುಟ್ಟಿದ್ದೇ ತಡ, ಎಣ್ಣೆ ಕರಗಿ ತನ್ನ ದಾರಿ ಹಿಡಿಯಿತು, ಕ್ಷಾರ ತನ್ನ ದಾರಿ.

ಹಾಗಾದರೆ ಅರ್ಧ ನೀರಿನ ಪಂಥ ಗೆದ್ದಿತೇ? ಹಾಗೆ ಬರೆಯಲು ಕೈ ತುರಿಸುತ್ತಿದೆ. ಆದರೆ ಎಣ್ಣೆಯನ್ನು 40 ಡಿಗ್ರಿಗೆ ಇಟ್ಟುಕೊಂಡಿದ್ದರೆ ಪೂರ್ತಿ ಹಾಲೂ ಒಳ್ಳೆಯ ಸೋಪೇ ಆಗುತ್ತಿತ್ತು. ಚಳಿಗಾಲದಲ್ಲಿ ಉಷ್ಣಮಾಪಕ ಅದ್ದದೆ ಮಾಡಿದ್ದು ನನ್ನ ತಪ್ಪು. ಇಲ್ಲಿ ಒಪ್ಪಿಕೊಂಡಿದ್ದೇನೆ, ಮದುವೆಮನೆಯಲ್ಲಿ ಒಪ್ಪುವುದಿಲ್ಲ.

ಮಡುಗಟ್ಟಿದ ಎಣ್ಣೆಯನ್ನು ಮಾತ್ರ ದಯವಿಟ್ಟು ಚೆಲ್ಲಬೇಡಿ. ಚೆಲ್ಲಿದರೆ ಅದರ ಪಾಲಿನ ಕ್ಷಾರ ಉಳಿದ ಸೋಪಿನಲ್ಲೇ ಕೂತು ಚರ್ಮ ಸುಡುತ್ತದೆ. ಗಟ್ಟಿ, ನೀರು, ಎಣ್ಣೆ ಎಲ್ಲವನ್ನೂ ಬಳಿದು ಸ್ಟೀಲ್ ಪಾತ್ರೆಗೆ ಹಾಕಿ ಸಣ್ಣ ಉರಿಯಲ್ಲಿ ಇಟ್ಟೆ. ಹತ್ತಿರ ಹತ್ತಿರ ಒಂದು ಗಂಟೆ ತಿರುವಿದ ಮೇಲೆ ಎಣ್ಣೆಯೆಲ್ಲ ಒಳಗೆ ಸೇರಿ, ಬೇಯಿಸಿ ನುರಿದ ಆಲೂಗಡ್ಡೆಯಂತಾಯಿತು. ನಾಲಿಗೆಯ ಚುರುಕೂ ಹೋಯಿತು. ಬಣ್ಣ ಮಾತ್ರ ಉಂಡೆಬೆಲ್ಲದ್ದು. ಕ್ಷಾರವೂ ಬಿಸಿಯೂ ಸೇರಿದರೆ ಹಾಲಿನ ಸಕ್ಕರೆ ಕಂದಾಗದೆ ಇರುವುದಿಲ್ಲ. ಕಾಯಿಸುವಾಗ ಏಳುವ ಅಮೋನಿಯದ ಘಾಟು ಹಾಲಿನ ಪ್ರೋಟೀನಿನದು, ದಿನ ಕಳೆದಂತೆ ಹೋಗುತ್ತದೆ.

ಉಳಿದ ದೋಷಗಳನ್ನೂ ಹೇಳಬೇಕೆಂದಿದ್ದೆ. ನಡುವಿನ ಕಪ್ಪು ಬಳೆ ನಿರಪಾಯ, ಮೇಲಿನ ಬಿಳಿ ಪುಡಿ ತೊಳೆದರೆ ಹೋಗುತ್ತದೆ, ಕಮಟು ವಾಸನೆಯ ಕಿತ್ತಳೆ ಚುಕ್ಕೆ ಬಂದರೆ ಎಣ್ಣೆ ಕೆಟ್ಟಿದೆ ಎಂದರ್ಥ. ಅಷ್ಟು ಸಾಕು, ಏಕೆಂದರೆ ಪಾತ್ರೆ ತಿರುವುತ್ತಾ ನನಗೆ ನೆನಪಾದದ್ದು ಷೆವ್ರೂಲ್.

ಸೋಪಿನ ಒಳಗುಟ್ಟನ್ನು ಮೊದಲು ಬಿಡಿಸಿದ ಈ ಫ್ರೆಂಚ್ ರಸಾಯನಶಾಸ್ತ್ರಜ್ಞ ಹುಟ್ಟಿದ್ದು 1786ರಲ್ಲಿ, ತೀರಿಕೊಂಡದ್ದು 1889ರಲ್ಲಿ. 1823ರ ಅವನ ಗ್ರಂಥ ನಮ್ಮ ಕಸುಬಿನ ಮೂಲಪಾಠ. ಸೋಪಿಗೆ ಆಮ್ಲ ಹಾಕಿ ಅದನ್ನು ಒಡೆದು, ಕೊಬ್ಬೆಂದರೆ ಕೊಬ್ಬಿನಾಮ್ಲಗಳೂ ಗ್ಲಿಸರಿನ್ನೂ ಎಂದು ತೋರಿಸಿದವನು ಅವನು. ಅವುಗಳಲ್ಲಿ ಎರಡು ನಾರುವ ಆಮ್ಲಗಳಿಗೆ ಆಡಿನ ಲ್ಯಾಟಿನ್ ಹೆಸರಾದ ಕಾಪ್ರದಿಂದ ಕ್ಯಾಪ್ರೋಯಿಕ್, ಕ್ಯಾಪ್ರಿಕ್ ಎಂದು ಹೆಸರಿಟ್ಟ. ಕ್ಯಾಪ್ರಿಲಿಕ್ ಆಮೇಲೆ ಬಂದ ತಮ್ಮ. ತಮಾಷೆಯೆಂದರೆ ಈ ಆಡಿನ ಮಕ್ಕಳು ಕೊಬ್ಬರಿ ಎಣ್ಣೆಯಲ್ಲೂ ಧಾರಾಳವಾಗಿದ್ದಾರೆ, ನೂರಕ್ಕೆ ಹದಿಮೂರರ ಸುಮಾರು. ನನ್ನ ಪಾತ್ರೆಯ ಲೆಕ್ಕ ಹಾಕಿ. ಹಾಲಿನ ಕೊಬ್ಬು ಹೆಚ್ಚೆಂದರೆ 12 ಗ್ರಾಂ, ಅದರಲ್ಲಿ ಆಡಿನ ಹೆಸರಿನ ಆಮ್ಲ ಎರಡು ಗ್ರಾಂ ಇದ್ದರೆ ದೊಡ್ಡದು. ತೆಂಗಿನಿಂದ ಬಂದದ್ದು 60ಕ್ಕೂ ಹೆಚ್ಚು!

ಅಂದಮೇಲೆ ಹಾಲಿನ ಪುಡಿ ಚಿಮುಕಿಸಿದ ಸಿದ್ಧ ಸೋಪಿನ ಗಡ್ಡೆ ತಂದು, ಕರಗಿಸಿ, ಅಚ್ಚಿಗೆ ಹೊಯ್ದು, 'ಕೆಮಿಕಲ್ ಇಲ್ಲದ ಆಡಿನ ಹಾಲಿನ ಸೋಪು' ಎಂದು ಚೀಟಿ ಅಂಟಿಸುವವರ ಬಗ್ಗೆ ಏನು ಹೇಳಲಿ? ಕಾಸ್ಟಿಕ್ ಸೋಡಾವನ್ನೋ ಅದರ ದಾಯಾದಿ ಪೊಟ್ಯಾಶನ್ನೋ ಮುಟ್ಟದ ಸೋಪು ಸೋಪೇ ಅಲ್ಲ.

ಬೆಲ್ಲದ ಬಣ್ಣದ 14 ಬಿಲ್ಲೆಗಳು ಈಗ ಕಪಾಟಿನಲ್ಲಿವೆ. ಕಪಾಟಿನ ವಿಷಯ ಮುಂದಿನ ವಾರ. ಕೆಟ್ಟ ಸೋಪಿನ ಬಗ್ಗೆ ಪತ್ರ ಬರೆಯುವವರು ಎಣ್ಣೆ, ಸೋಡಾ, ಹಾಲಿನ ತೂಕವನ್ನು ಗ್ರಾಮಿನಲ್ಲಿ ಬರೆಯಿರಿ, ಅಡುಗೆಮನೆಯ ಉಷ್ಣಾಂಶವನ್ನೂ ಸೇರಿಸಿ. 'ಒಂದು ಲೋಟ ಎಣ್ಣೆ' ಎಂದು ಬರೆದವರಿಗೆ ಉತ್ತರವಿಲ್ಲ.