ಮರದಲ್ಲಿ ಕೂರಿಸಿದ ಮರುಭೂಮಿ

ಮುಂಬಯಿ ಉಪನಗರಗಳ ಎಷ್ಟೋ ಕನ್ನಡ ಮನೆಗಳ ಹಜಾರದಲ್ಲಿ ಬೀಟೆ ಮರದ ಒಂದು ಚಿತ್ರಫಲಕ ಕಾಣಸಿಗುತ್ತದೆ. 'ಚೆನ್ನಾಗಿದೆ' ಎಂದು ಹೇಳಿ ಕಾಫಿಯ ಕಡೆಗೆ ತಿರುಗುವವರೇ ಹೆಚ್ಚು. ಆದರೆ ಕಥೆ, ಕವನಗಳಿಗೆ ಸಲ್ಲುವ ವಿಮರ್ಶೆ ಕರಕುಶಲ ವಸ್ತುಗಳಿಗೂ ಸಲ್ಲಬೇಕು. ಈಚೆಗೆ ಠಾಕುರ್ಲಿಯ ಮಿತ್ರರೊಬ್ಬರ ಮನೆಯಲ್ಲಿ ನೋಡಿದ ಫಲಕವೊಂದನ್ನು ಆ ದೃಷ್ಟಿಯಿಂದ ಪರಿಶೀಲಿಸಬಹುದು.

ಅದರ ವಸ್ತು ಮರುಭೂಮಿ. ಬೀಟೆಯ ಹಲಗೆಯಲ್ಲಿ ಮರಳ ದಿಬ್ಬಗಳನ್ನು ಉಬ್ಬಾಗಿ ಕೆತ್ತಿ, ಚಂದ್ರನಿಗೆ ಬಿಳಿ ಕಲ್ಲನ್ನೂ ಆಕಾಶಕ್ಕೆ ನೀಲಿ ಕಲ್ಲಿನ ಚೂರುಗಳನ್ನೂ ಕೂರಿಸಿದ್ದಾರೆ. ಮೂರು ಒಂಟೆಗಳು ಸಾಲಾಗಿ ನಡೆದಿವೆ. ಉಳಿ ಹಿಡಿದ ಕೈ ಪಳಗಿದ್ದೆಂಬುದರಲ್ಲಿ ಸಂಶಯವಿಲ್ಲ. ದಿಬ್ಬಗಳ ಏರಿಳಿತಕ್ಕೆ ಮರದ ಎಳೆಗಳ ಓಟವನ್ನೇ ಬಳಸಿಕೊಂಡದ್ದು ಮೆಚ್ಚತಕ್ಕದ್ದು. ಕಲ್ಲಿನ ವಿಷಯದಲ್ಲಿ ಮಾತ್ರ ಕುಶಲಕರ್ಮಿ ಎಡವಿದ್ದಾನೆ. ನೀಲಿ ಚೂರುಗಳ ಬದಲು ನೀಲಿ ಬಣ್ಣ ಬಳಿದಿದ್ದರೂ ನೋಟದಲ್ಲಿ ಏನೂ ಕಡಿಮೆಯಾಗುತ್ತಿರಲಿಲ್ಲ.

ಇನ್‌ಲೇ ಕಲೆಯಲ್ಲಿ ಸಾಮಗ್ರಿಯೇ ಚಿತ್ರ. ಮೈಸೂರಿನ ಕೆಲಸಗಾರರು ಬೇರೆ ಬೇರೆ ಮರಗಳ ತೆಳು ಹಾಳೆಗಳನ್ನು ಸಣ್ಣ ಗರಗಸದಿಂದ ಕತ್ತರಿಸಿ, ಬೀಟೆಯಲ್ಲಿ ಅದೇ ಆಕಾರದ ಗುಳಿ ತೋಡಿ, ಅಂಟಿಸಿ, ಉಜ್ಜಿ ಹೊಳಪು ಕೊಡುತ್ತಾರೆ. ಹಳದಿಗೆ ಹಲಸಿನ ಮರ, ಕಡುಗಂದಿಗೆ ಬೀಟೆ. ಬಿಳುಪಿಗೆ ಹಿಂದೆ ದಂತವಿತ್ತು. 1912ರಲ್ಲಿ ಪೂರ್ಣಗೊಂಡ ಮೈಸೂರು ಅರಮನೆಯ ಅಂಬಾವಿಲಾಸದ ಬೀಟೆ ಬಾಗಿಲಲ್ಲಿ ದಂತದ ಆ ಕೆಲಸವನ್ನು ಇಂದಿಗೂ ಕಾಣಬಹುದು. ವನ್ಯಜೀವಿ ಕಾಯಿದೆಗೆ 1986 ಮತ್ತು 1991ರಲ್ಲಿ ಬಂದ ತಿದ್ದುಪಡಿಗಳಿಂದ ದಂತದ ವ್ಯಾಪಾರ ನಿಂತಿತು. ಆನೆಗಳ ಪಾಲಿಗೆ ಅದು ನ್ಯಾಯವೇ. ಆದರೆ ಆ ಬಿಳುಪಿನ ಜಾಗಕ್ಕೆ ಎಷ್ಟೋ ಕಡೆ ಪ್ಲಾಸ್ಟಿಕ್ ಬಂದು ಕುಳಿತದ್ದು ದುರ್ದೈವ. ಹೀಗಿರುವಾಗ ಮರಕ್ಕೆ ಕಲ್ಲನ್ನು ಕೂಡಿಸುವ ಯೋಚನೆ ಸ್ವಾಗತಾರ್ಹವೇ ಸರಿ. ಪ್ರಶ್ನೆ ಯಾವ ಕಲ್ಲು, ಯಾವ ನೆಲದ್ದು ಎಂಬುದು.

ಅಮೆರಿಕದ ಅರಿಜೋನಾ ಮೊದಲಾದ ಒಣ ಸೀಮೆಗಳಲ್ಲಿ ಮೆಸ್ಕೀಟ್ ಎಂಬ ಮುಳ್ಳುಮರವಿದೆ. ಅದರ ಹಲಗೆಯಲ್ಲಿ ಬಿರುಕು, ತೂತುಗಳು ಸಾಮಾನ್ಯ. ಅಲ್ಲಿನ ಬಡಗಿಗಳು ಆ ಬಿರುಕುಗಳನ್ನು ಮರೆಮಾಚದೆ, ಅವುಗಳಲ್ಲಿ ಫಿರೋಜಾ ಕಲ್ಲಿನ ಪುಡಿಯನ್ನು ಅಂಟಿನೊಡನೆ ತುಂಬಿ ನಯ ಮಾಡುತ್ತಾರೆ. ಕಂದು ಮರದಲ್ಲಿ ಹಸಿರು ನೀಲಿಯ ತೊರೆ ಹರಿದಂತೆ ತೋರುತ್ತದೆ. ಮರವೂ ಆ ಸೀಮೆಯದೇ, ಕಲ್ಲೂ ಆ ಸೀಮೆಯದೇ. ಒಂಟೆ, ಚಂದ್ರರ ಹಂಗಿಲ್ಲದೆ ಅಲ್ಲಿ ಮರುಭೂಮಿ ಮೈದಾಳುತ್ತದೆ.

ಈ ಮೆಸ್ಕೀಟ್ ನಮಗೆ ತೀರ ಅಪರಿಚಿತವಲ್ಲ. 19ನೆಯ ಶತಮಾನದಲ್ಲಿ ಅಮೆರಿಕ ಖಂಡದಿಂದ ಭಾರತಕ್ಕೆ ಬಂದು, ಬಯಲುಸೀಮೆಯ ಬೀಳುಗಳನ್ನೆಲ್ಲ ಆಕ್ರಮಿಸಿರುವ ಬಳ್ಳಾರಿ ಜಾಲಿ ಅದರ ಒಡಹುಟ್ಟು. ಸಸ್ಯಶಾಸ್ತ್ರದಲ್ಲಿ ಎರಡೂ ಒಂದೇ ಕುಲದವು. ನಾವು ಅದನ್ನು ಸೌದೆಗೆ ಕಡಿಯುತ್ತೇವೆ, ಇದ್ದಿಲು ಸುಡುತ್ತೇವೆ. ಸೊಟ್ಟ ಕಾಂಡದಿಂದ ಅಗಲ ಹಲಗೆ ಸಿಗದೆಂಬುದು ನಿಜ. ಆದರೆ ಇನ್‌ಲೇ ಕೆಲಸಕ್ಕೆ ಬೇಕಾಗುವುದು ಅಂಗೈ ಅಗಲದ ಚೂರುಗಳು. ಹಂಪೆಯ ಬಂಡೆಗಳನ್ನು ತೋರಿಸಲು, ಉಳಿಗೆ ಸುಲಭವಾಗಿ ಒಗ್ಗುವ ಬಳಪದ ಕಲ್ಲು ನಮ್ಮಲ್ಲೇ ಇದೆ.

ನಮ್ಮ ಮಿತ್ರರು ರಾಯಚೂರು ಕಡೆಯವರು. 'ಊರಿನ ಬಿಸಿಲು ನೆನಪಾಯಿತು, ಕೊಂಡೆವು' ಎಂದು ಅವರ ಮನೆಯವರು ಹೇಳಿದರು. ಆ ಮಾತನ್ನು ಹಗುರವಾಗಿ ಕಾಣುವಂತಿಲ್ಲ. ತಮ್ಮ ಬಿಸಿಲಿಗಾಗಿ ಅವರು ಪರಸೀಮೆಯ ಮರಳನ್ನು ಕೊಳ್ಳಬೇಕಾಯಿತು, ಏಕೆಂದರೆ ಅಂಗಡಿಯಲ್ಲಿ ಜಾಲಿಯ ನೆರಳು, ಬಂಡೆಯ ಗುಡ್ಡ, ಕುರಿಮಂದೆಗಳ ಫಲಕ ಸಿಕ್ಕಿರಲಿಲ್ಲ. ಕೇಳುವವರಿಲ್ಲದ್ದನ್ನು ಕುಶಲಕರ್ಮಿ ಮಾಡಲಾರ, ಅವನಿಗೂ ಸಂಸಾರವಿದೆ. ರಜೆಗೆ ಊರಿಗೆ ಹೋಗುವ ವಾಚಕರು ಒಮ್ಮೆ ಕೇಳಿ ನೋಡಬಾರದೇಕೆ?