ಫಾರ್ಮ್‌ಗಳ ನಡುವಿನ ಮೌಲ್ಯಕ್ಕೆ ಒಬ್ಬ ಒಡೆಯ ಬೇಕು

ಎಕ್ಸೆಲ್‌ನಲ್ಲಿ ವಿಬಿಎ ಬರೆಯುವವರಿಗೆ ಈ ಅಗತ್ಯ ಬೇಗನೆ ಎದುರಾಗುತ್ತದೆ: ಒಂದು ಯೂಸರ್‌ಫಾರ್ಮ್‌ನಲ್ಲಿ ಗ್ರಾಹಕರ ಹೆಸರು ಆರಿಸಿದರೆ ಇನ್ನೊಂದರಲ್ಲಿ ಅವರ ಬಿಲ್ ಕಾಣಬೇಕು. ಇದಕ್ಕೆ ರೂಢಿಯಲ್ಲಿರುವ ಎರಡು ದಾರಿಗಳೂ ಸಲೀಸು, ಎರಡೂ ನಂಬಿಕೆಗೆ ಅರ್ಹವಲ್ಲ.

ಮೊದಲನೆಯದು ಸ್ಟ್ಯಾಂಡರ್ಡ್ ಮಾಡ್ಯೂಲ್‌ನಲ್ಲಿ ಘೋಷಿಸುವ ಪಬ್ಲಿಕ್ ವೇರಿಯಬಲ್. ಸಣ್ಣ ಮ್ಯಾಕ್ರೊಗೆ ಅಷ್ಟು ಸಾಕು. ಕೋಡ್ ಬೆಳೆದ ಮೇಲೆ ಮಾತ್ರ ಅದರ ಮೌಲ್ಯವನ್ನು ಯಾವ ಪ್ರೊಸೀಜರ್ ಬದಲಿಸಿತೆಂದು ಹುಡುಕುವುದೇ ಕೆಲಸವಾಗುತ್ತದೆ. ಎರರ್ ಬಂದಾಗ ಯಾರಾದರೂ ಎಂಡ್ ಬಟನ್ ಒತ್ತಿದರೆ ಪ್ರಾಜೆಕ್ಟ್ ರೀಸೆಟ್ ಆಗಿ ಎಲ್ಲವೂ ಅಳಿಸಿಹೋಗುತ್ತದೆ.

ಎರಡನೆಯದು ಇನ್ನೂ ಅಪಾಯದ್ದು: ಒಂದು ಫಾರ್ಮ್‌ನ ಟೆಕ್ಸ್ಟ್‌ಬಾಕ್ಸನ್ನು ಇನ್ನೊಂದು ಫಾರ್ಮ್ ಹೆಸರು ಹಿಡಿದು ನೇರವಾಗಿ ಓದುವುದು. ವಿಬಿಎಯಲ್ಲಿ ಫಾರ್ಮ್‌ನ ಹೆಸರೇ ಒಂದು ಡೀಫಾಲ್ಟ್ ಇನ್‌ಸ್ಟನ್ಸ್. ಫಾರ್ಮ್ ಅನ್‌ಲೋಡ್ ಆದ ಮೇಲೆ ಆ ಹೆಸರನ್ನು ಕರೆದರೂ ಎರರ್ ಬರುವುದಿಲ್ಲ. ಸದ್ದಿಲ್ಲದೆ ಹೊಸ ಫಾರ್ಮ್ ಹುಟ್ಟುತ್ತದೆ, ಇನಿಶಿಯಲೈಸ್ ಓಡುತ್ತದೆ, ಬಳಕೆದಾರ ತುಂಬಿದ್ದರ ಬದಲು ಆರಂಭದ ಮೌಲ್ಯ ಕೈಗೆ ಬರುತ್ತದೆ. ಎರರ್ ಕೊಟ್ಟು ನಿಲ್ಲುವ ಕೋಡನ್ನು ತಿದ್ದಬಹುದು. ತಪ್ಪು ಬಿಲ್ಲನ್ನು ಸರಿಯೆಂಬಂತೆ ಮುದ್ರಿಸುವ ಕೋಡ್ ವ್ಯವಹಾರವನ್ನೇ ಕೆಡಿಸುತ್ತದೆ.

ಎಕ್ಸೆಲ್ 97ರ ಫಾರ್ಮ್‌ಗಳು ಮೋಡಲ್ ಮಾತ್ರ ಆಗಿದ್ದವು. ಒಂದು ಮುಗಿಯದೆ ಹಿಂದಿನದಕ್ಕೆ ಮರಳುವಂತಿರಲಿಲ್ಲ. ಎಕ್ಸೆಲ್ 2000 ಮೋಡ್‌ಲೆಸ್ ಫಾರ್ಮ್‌ಗಳನ್ನು ತಂದಾಗ ಸಮಸ್ಯೆಯ ಸ್ವರೂಪವೇ ಬದಲಾಯಿತು. ಎರಡು ಕಿಟಕಿಗಳು ಒಟ್ಟಿಗೆ ತೆರೆದಿರುವಾಗ ಮೌಲ್ಯ ಸಿಕ್ಕರಷ್ಟೇ ಸಾಲದು, ಅದು ಬದಲಾದ ಸುದ್ದಿಯೂ ತಲುಪಬೇಕು. ಪಬ್ಲಿಕ್ ವೇರಿಯಬಲ್‌ಗೆ ಆ ಶಕ್ತಿಯಿಲ್ಲ.

ಕ್ಲಾಸ್ ಮಾಡ್ಯೂಲ್‌ಗೆ ಇದೆ. ಮೌಲ್ಯವನ್ನು ಅದರೊಳಗೆ ಪ್ರೈವೇಟ್ ಆಗಿ ಇಟ್ಟು, ಪ್ರಾಪರ್ಟಿ ಲೆಟ್‌ನಲ್ಲಿ ಪರೀಕ್ಷಿಸಿ, ಬದಲಾದೊಡನೆ ರೈಸ್‌ಇವೆಂಟ್ ಮಾಡಬೇಕು. ಪ್ರತಿ ಫಾರ್ಮ್ ಅದೇ ಆಬ್ಜೆಕ್ಟನ್ನು ವಿತ್‌ಇವೆಂಟ್ಸ್ ಮೂಲಕ ಆಲಿಸುತ್ತದೆ. ಬದಲಾವಣೆ ಒಂದೇ ಬಾಗಿಲಿನಿಂದ ಒಳಬರುವುದರಿಂದ ತಪ್ಪು ಎಲ್ಲಿ ಹುಟ್ಟಿತೆಂದು ಹುಡುಕುವುದು ಸುಲಭ. ಮೋಡಲ್ ಫಾರ್ಮ್‌ಗೆ ಇಷ್ಟೂ ಬೇಡ: ನ್ಯೂ ಎಂದು ಸೃಷ್ಟಿಸಿ, ಓಕೆ ಒತ್ತಿದಾಗ ಹೈಡ್ ಮಾಡಿ, ಮೌಲ್ಯ ಓದಿ, ಆಮೇಲೆ ಅನ್‌ಲೋಡ್ ಮಾಡಿದರೆ ಸಾಕು. ಮೂಲೆಯ ಎಕ್ಸ್ ಗುರುತನ್ನು ಕ್ವೆರಿಕ್ಲೋಸ್‌ನಲ್ಲಿ ತಡೆದು ಹೈಡ್ ಆಗಿಸುವುದನ್ನು ಮರೆಯಬಾರದು.

ಈ ಕ್ರಮಕ್ಕೂ ಮಿತಿಯಿದೆ: ರೀಸೆಟ್ ಆದರೆ ಕ್ಲಾಸ್‌ನ ಆಬ್ಜೆಕ್ಟ್ ಕೂಡ ಉಳಿಯದು. ಹಾಗಾಗಿ ಉಳಿಯಲೇಬೇಕಾದ ಮೌಲ್ಯವನ್ನು ಆ ಕ್ಲಾಸೇ ಶೀಟಿನ ಸೆಲ್‌ನಲ್ಲಿ ಬರೆದಿಡಬೇಕು. ಫಾರ್ಮ್‌ಗಳು ಕೇಳಬೇಕು, ತೋರಿಸಬೇಕು. ಮೌಲ್ಯವನ್ನು ಕಾಯುವ ಹೊಣೆ ಅವುಗಳದ್ದಲ್ಲ.